ಎಎಫ್, ಎಸ್‌ವಿಟಿ ಇರುವವರಿಗೆ ಬೀಟಾ ಬ್ಲಾಕರ್: ತಗೊಳ್ಳುವಾಗ, ಬಿಡುವಾಗ, ಬೇರೆ ಮಾತ್ರೆ ಜೊತೆ ಸೇರುವಾಗ

ಔಷಧಿಕಟ್ಟೆ:
ಎಎಫ್, ಎಸ್‌ವಿಟಿಯಂಥ ಬಡಿತದ ಏರುಪೇರಿಗೆ ಬೀಟಾ ಬ್ಲಾಕರ್, ಅಂದರೆ ಹೃದಯದ ಮೇಲೆ ಅಡ್ರಿನಲಿನ್ ಪ್ರಭಾವ ತಗ್ಗಿಸಿ ಬಡಿತ ಇಳಿಸುವ ಮಾತ್ರೆ, ತಗೊಳ್ಳುವವರ ಪ್ರಶ್ನೆಗಳು ಬಿಡಿಬಿಡಿಯಾಗಿ ಬರುತ್ತಲೇ ಇವೆ. ಎಲ್ಲ ಒಂದೇ ಕಡೆ ಇರಲಿ ಎಂದು ಈ ಚರ್ಚೆ ಶುರು ಮಾಡುತ್ತಿದ್ದೇನೆ. ಮೊದಲು ಸ್ಟ್ರಿಪ್‌ನ ವಿಷಯ, ಯಾಕೆಂದರೆ ಎಷ್ಟೋ ತಪ್ಪುಗಳು ಶುರುವಾಗುವುದೇ ಅಲ್ಲಿ.

ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ಎರಡು ಬಗೆಯಲ್ಲಿ ಸಿಗುತ್ತದೆ. ಟಾರ್ಟ್ರೇಟ್ ಬೇಗ ಕರಗುತ್ತದೆ, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಬೇಕು. ಸಕ್ಸಿನೇಟ್ ನಿಧಾನವಾಗಿ ಬಿಡುಗಡೆಯಾಗುತ್ತದೆ, ದಿನಕ್ಕೆ ಒಂದು ಸಲ. ಹೆಸರಿನ ಕೊನೆಯಲ್ಲಿ ಎಕ್ಸ್‌ಎಲ್, ಎಕ್ಸ್‌ಆರ್ ಅಥವಾ ಇಆರ್ ಎಂದಿರುತ್ತದೆ. ಮೆಟೊಲಾರ್ 50 ಬೇರೆ, ಮೆಟೊಲಾರ್ ಎಕ್ಸ್‌ಆರ್ 50 ಬೇರೆ. ಎಕ್ಸ್‌ಆರ್ ಬರೆದಿರುವವರಿಗೆ ಸಾದಾ ಮಾತ್ರೆ ಕೊಟ್ಟು ದಿನಕ್ಕೆ ಒಂದೇ ನುಂಗಿಸಿದರೆ ಸಂಜೆ ಹೊತ್ತಿಗೆ ಅದರ ಬಲ ಇಳಿದು, ರಾತ್ರಿ ಮತ್ತೆ ಎದೆ ಡವಗುಟ್ಟುತ್ತದೆ. ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದುಕೊಂಡು ಡೋಸ್ ಏರಿಸುವ ಮುಂಚೆ ಸ್ಟ್ರಿಪ್ ತಿರುಗಿಸಿ ಓದಿ.

ಎರಡನೆಯದು ಬಾಲದ ಅಕ್ಷರ. ಮೆಟ್ ಎಕ್ಸ್‌ಎಲ್ ಎಂದರೆ ಮೆಟೊಪ್ರೊಲಾಲ್ ಒಂದೇ, ಮೆಟ್ ಎಕ್ಸ್‌ಎಲ್ ಎಎಂ ಎಂದರೆ ಅದರ ಜೊತೆ ಆಮ್ಲೊಡಿಪಿನ್ ಕೂಡ. ಬಿಸೊಪ್ರೊಲಾಲ್ ಎಂಬ ಇನ್ನೊಂದು ಬೀಟಾ ಬ್ಲಾಕರ್ ಇರುವ ಕಾಂಕರ್ ಮತ್ತು ಕಾಂಕರ್ ಎಎಂ ವಿಷಯವೂ ಹಾಗೇ. ಬಿಪಿ ಮೊದಲೇ 105ರ ಆಸುಪಾಸು ಇರುವವರಿಗೆ ಗೊತ್ತಿಲ್ಲದೆ ಇನ್ನೊಂದು ಬಿಪಿ ಮಾತ್ರೆ ಸೇರಿದರೆ ಎದ್ದು ನಿಂತ ತಕ್ಷಣ ಕಣ್ಣು ಕತ್ತಲೆ ಬರುತ್ತದೆ.

ಅಂಗಡಿಯಲ್ಲಿ ಹತ್ತರ ಸ್ಟ್ರಿಪ್ ಕತ್ತರಿಸಿ ಐದು ಕೊಟ್ಟಾಗ ಹೆಸರೋ, ಎಕ್ಸ್‌ಪೈರಿ ತಾರೀಕೋ ಇನ್ನೊಂದು ತುಂಡಿಗೆ ಹೋಗಿರುತ್ತದೆ. ಹೃದಯದ ಮಾತ್ರೆಯನ್ನು ಪೂರ್ತಿ ಸ್ಟ್ರಿಪ್ಪೇ ಕೇಳಿ ಪಡೆಯಿರಿ. ಜನೌಷಧಿ ಕೇಂದ್ರದಲ್ಲಿ ತಗೊಂಡರೂ ಪರವಾಗಿಲ್ಲ, ಆದರೆ ಬ್ರ್ಯಾಂಡ್ ಹೆಸರಿನ ಕೆಳಗಿರುವ ಸಣ್ಣ ಅಕ್ಷರ ಹೊಂದಿಸಿ ನೋಡಿ: ಸಕ್ಸಿನೇಟ್‌ಗೆ ಸಕ್ಸಿನೇಟೇ ಇರಬೇಕು, ಮಿಲಿಗ್ರಾಂ ಅಷ್ಟೇ ಇರಬೇಕು.

ಆರೈಕೆದಾರ:
ಎಕ್ಸ್‌ಎಲ್ ಮಾತ್ರೆಯನ್ನು ಅರ್ಧ ಮಾಡಬಾರದು ಎನ್ನುತ್ತಾರೆ. ಆದರೆ ಚೀಟಿಯಲ್ಲಿ "ಅರ್ಧ" ಎಂದೇ ಬರೆದಿರುತ್ತದೆ. ಯಾವುದು ಸರಿ ಸರ್?

ಔಷಧಿಕಟ್ಟೆ:
ಮಧ್ಯದಲ್ಲಿ ಗೆರೆ ಇರುವ ಮೆಟೊಪ್ರೊಲಾಲ್ ಸಕ್ಸಿನೇಟ್ ಮಾತ್ರೆಯನ್ನು ಆ ಗೆರೆಯ ಮೇಲೇ ಎರಡು ಭಾಗ ಮಾಡಬಹುದು. ಒಳಗೆ ನೂರಾರು ಸಣ್ಣ ಕಾಳುಗಳಿದ್ದು, ಪ್ರತಿ ಕಾಳಿಗೂ ತನ್ನದೇ ಪದರ ಇರುವ ತಯಾರಿಕೆ ಅದು. ಮಾತ್ರೆ ಮುರಿದರೂ ಕಾಳು ಮುರಿಯುವುದಿಲ್ಲ. ಆದರೆ ಅಗಿಯುವುದು, ಒರಳಿನಲ್ಲಿ ಅರೆಯುವುದು, ಪುಡಿ ಮಾಡಿ ಹಾಲಿಗೆ ಹಾಕುವುದು ಬೇಡವೇ ಬೇಡ. ಇಡೀ ದಿನಕ್ಕೆ ಹರಿಯಬೇಕಾದ ಔಷಧ ಒಂದೇ ಗಂಟೆಯಲ್ಲಿ ರಕ್ತಕ್ಕೆ ಬರುತ್ತದೆ. ಗೆರೆ ಇಲ್ಲದ ಮಾತ್ರೆ ಮುರಿಯಬೇಡಿ, ಕ್ಯಾಪ್ಸೂಲ್ ಬಿಚ್ಚಬೇಡಿ. ಮೂಗಿನ ನಳಿಕೆಯಲ್ಲಿ ಆಹಾರ ಹೋಗುತ್ತಿರುವವರಿಗೆ ಎಕ್ಸ್‌ಎಲ್ ಸೂಕ್ತವಲ್ಲ, ಸಾದಾ ಮಾತ್ರೆಗೆ ಬದಲಿಸಿ ಎಂದು ವೈದ್ಯರನ್ನೇ ಕೇಳಬೇಕು.

ಮೆಟೊಪ್ರೊಲಾಲನ್ನು ಊಟದ ಜೊತೆ ಅಥವಾ ಊಟವಾದ ಕೂಡಲೇ ತಗೊಳ್ಳಿ. ಒಂದು ದಿನ ಖಾಲಿ ಹೊಟ್ಟೆ, ಇನ್ನೊಂದು ದಿನ ಊಟದ ಮೇಲೆ ಎಂದು ಬದಲಾಯಿಸುವುದು ಒಳ್ಳೆಯದಲ್ಲ.

ಹೃದ್ರೋಗ ವಿಭಾಗ:
ಒಳ್ಳೆಯ ಆರಂಭ. ಈ ಮಾತ್ರೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎನ್ನುವುದನ್ನು ಸೇರಿಸುತ್ತೇನೆ, ಯಾಕೆಂದರೆ ದೊಡ್ಡ ಅಪಾಯ ಅಲ್ಲಿದೆ.

ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ, ಅಂದರೆ ಎಎಫ್‌ನಲ್ಲಿ, ಹೃದಯದ ಮೇಲಿನ ಕೋಣೆಗಳಿಂದ ನಿಮಿಷಕ್ಕೆ 350ರಿಂದ 600ರವರೆಗೆ ಅಡ್ಡಾದಿಡ್ಡಿ ವಿದ್ಯುತ್ ಸಂಕೇತಗಳು ಹೊರಡುತ್ತವೆ. ಅವುಗಳಲ್ಲಿ ಎಷ್ಟು ಕೆಳಗಿಳಿಯಬೇಕು ಎಂದು ನಿರ್ಧರಿಸುವುದು ಎವಿ ನೋಡ್. ಅದು ಕೆರೆಯ ತೂಬಿನ ಹಾಗೆ. ಬೀಟಾ ಬ್ಲಾಕರ್ ಆ ತೂಬನ್ನು ಸ್ವಲ್ಪ ಇಳಿಸುತ್ತದೆ, ಕೆಳಗಿನ ಕೋಣೆಗಳು ಓಡುವುದು ತಪ್ಪುತ್ತದೆ. ಮೇಲಿನ ಅಡ್ಡಾದಿಡ್ಡಿ ಹಾಗೇ ಮುಂದುವರಿಯುತ್ತದೆ. ಆದ್ದರಿಂದ ಮಾತ್ರೆ ತಗೊಂಡ ಮೇಲೂ ನಾಡಿ ಹಿಡಿದಾಗ ತಾಳ ತಪ್ಪಿದ ಹಾಗೇ ಸಿಗುತ್ತದೆ. ವೇಗ ಇಳಿದಿದ್ದರೆ ಅದು ತನ್ನ ಕೆಲಸ ಮಾಡಿದೆ ಎಂದರ್ಥ.

ಎಷ್ಟು ಇಳಿದರೆ ಸಾಕು? ನೆದರ್ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ರೇಸ್-2 ಅಧ್ಯಯನದಲ್ಲಿ, ವಿಶ್ರಾಂತಿಯಲ್ಲಿ ಬಡಿತವನ್ನು 80ರೊಳಗೆ ಇಟ್ಟವರಿಗೆ ಹೋಲಿಸಿದರೆ 110ರೊಳಗೆ ಇಟ್ಟವರಿಗೆ ಪರಿಣಾಮದಲ್ಲಿ ಹಿನ್ನಡೆ ಕಾಣಲಿಲ್ಲ. ಹಾಗಾಗಿ ಉಸಿರಾಟ ಸರಾಗವಾಗಿದ್ದು, ಹೃದಯದ ಪಂಪಿಂಗ್ ಚೆನ್ನಾಗಿದ್ದು, ನಾಡಿ 90 ಬಂದರೆ "ಇನ್ನೂ 70 ಆಗಿಲ್ಲ" ಎಂದು ಸ್ವಂತಕ್ಕೆ ಮಾತ್ರೆ ಏರಿಸುವ ಅಗತ್ಯ ಇಲ್ಲ. ಸುಸ್ತು, ದಮ್ಮು ಇದ್ದರೆ ಅಥವಾ ಎಕೋದಲ್ಲಿ ಪಂಪಿಂಗ್ ಕಡಿಮೆ ಇದ್ದರೆ ಗುರಿ ಇನ್ನಷ್ಟು ಕೆಳಗಿರುತ್ತದೆ.

ಮುಖ್ಯ ಮಾತು: ಬೀಟಾ ಬ್ಲಾಕರ್ ಹೆಪ್ಪುಗಟ್ಟುವಿಕೆಯನ್ನು ತಡೆಯುವುದಿಲ್ಲ. ಎಎಫ್‌ನಲ್ಲಿ ಪಾರ್ಶ್ವವಾಯು ಬರುವುದು ಮೇಲಿನ ಕೋಣೆಯಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಹೋಗುವುದರಿಂದ. ನಾಡಿ ಹದಕ್ಕೆ ಬಂತು, ಎದೆ ಡವಡವ ನಿಂತಿತು ಎಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ಬಿಟ್ಟವರು ತಮಗೆ ಅರಿವಿಲ್ಲದೆ ಅತಿ ದೊಡ್ಡ ರಕ್ಷಣೆಯನ್ನೇ ಬಿಟ್ಟಿರುತ್ತಾರೆ. ವಯಸ್ಸು 65 ದಾಟಿದೆಯೇ, ಬಿಪಿ, ಶುಗರ್, ಹೃದಯ ವೈಫಲ್ಯ, ಹಿಂದೆ ಪಾರ್ಶ್ವವಾಯು, ರಕ್ತನಾಳದ ಕಾಯಿಲೆ ಇವೆಯೇ ಎಂಬ ಲೆಕ್ಕದ ಮೇಲೆ ಆ ಮಾತ್ರೆ ಬೇಕೋ ಬೇಡವೋ ಎಂದು ತೀರ್ಮಾನವಾಗುತ್ತದೆ. ಆಸ್ಪಿರಿನ್ ಅದಕ್ಕೆ ಬದಲಿ ಅಲ್ಲ.

ನಮ್ಮಲ್ಲಿ ರುಮ್ಯಾಟಿಕ್ ಕಾಯಿಲೆಯಿಂದ ಮೈಟ್ರಲ್ ಕವಾಟ ಕಿರಿದಾದವರು ಇನ್ನೂ ಬಹಳ. ಕವಾಟ ಸಾಕಷ್ಟು ಕಿರಿದಾಗಿದ್ದು ಎಎಫ್ ಕೂಡ ಇದ್ದರೆ ರಕ್ತ ತೆಳುವಾಗಿಸಲು ಅಸಿಟ್ರೊಮ್ ಅಥವಾ ವಾರ್ಫರಿನ್ನೇ ಬೇಕು, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) 2ರಿಂದ 3ರ ನಡುವೆ. ಅಪಿಕ್ಸಬಾನ್, ರಿವರಾಕ್ಸಬಾನ್‌ನಂಥ ಹೊಸ ಮಾತ್ರೆ ಇವರಿಗಲ್ಲ. ಇದೇ ಜನರಿಗೆ ಬೀಟಾ ಬ್ಲಾಕರ್‌ನಿಂದ ಲಾಭವೂ ಹೆಚ್ಚು: ಬಡಿತ ನಿಧಾನವಾದಷ್ಟೂ ಕಿರಿದಾದ ಕವಾಟದಿಂದ ರಕ್ತ ಕೆಳಗಿಳಿಯಲು ಸಮಯ ಸಿಗುತ್ತದೆ, ಶ್ವಾಸಕೋಶಕ್ಕೆ ನೀರು ತುಂಬುವುದು ತಪ್ಪುತ್ತದೆ.

ಸಿಸಿಯು ಸಿಸ್ಟರ್:
ಡಾಕ್ಟರ್ ಮೇಡಂ ಹೇಳಿದ ಸಂಖ್ಯೆಗಳಿಗೆ ಅರ್ಥ ಬರಬೇಕಾದರೆ ಎಣಿಕೆ ಸರಿ ಇರಬೇಕು. ಎಎಫ್ ಇರುವವರ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ. ತಾಳ ಇಲ್ಲದ ಬಡಿತದಲ್ಲಿ ಒಂದು ಕಾಲು ನಿಮಿಷದಲ್ಲಿ 17, ಮುಂದಿನದರಲ್ಲಿ 26 ಬರಬಹುದು. ಗುಣಿಸಿದರೆ ಒಂದು 68, ಇನ್ನೊಂದು 104. ಪೂರ್ತಿ 60 ಸೆಕೆಂಡು ಎಣಿಸಿ.

ಐದು ನಿಮಿಷ ಬೆನ್ನು ಒರಗಿಸಿ ಕೂರಿಸಿ. ಕಾಫಿ, ಬೀಡಿ, ಮೆಟ್ಟಿಲು ಹತ್ತಿದ್ದು ಆಗಿ ಅರ್ಧ ಗಂಟೆ ಕಳೆದಿರಲಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಎಣಿಸಿ, ಹೆಬ್ಬೆರಳಿಂದ ಬೇಡ. ವೇಗದ ಎಎಫ್‌ನಲ್ಲಿ ಕೆಲವು ಬಡಿತ ಎಷ್ಟು ದುರ್ಬಲ ಎಂದರೆ ಮಣಿಕಟ್ಟಿನವರೆಗೆ ತಲುಪುವುದೇ ಇಲ್ಲ. ಎದೆಯ ಮೇಲೆ ಸ್ಟೆತ್ ಇಟ್ಟರೆ 120, ಕೈಯಲ್ಲಿ 88 ಎಂದು ಸಿಗುವುದು ಇದೇ ಕಾರಣಕ್ಕೆ. ಕೈಗೆ ಸಿಗುವ ಸಂಖ್ಯೆ ಚೆನ್ನಾಗಿದ್ದೂ ರೋಗಿಗೆ ದಮ್ಮು ಇದ್ದರೆ ಇಸಿಜಿ ಮಾಡಿಸಲೇಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್, ಸ್ಮಾರ್ಟ್ ವಾಚು ತೋರಿಸುವುದೂ ಕೈಯ ನಾಡಿಯನ್ನೇ.

ಬಿಪಿ ಮೆಷಿನ್ ಕೂಡ ಎಎಫ್‌ನಲ್ಲಿ ಒಂದೊಂದು ಸಲ ಒಂದೊಂದು ತೋರಿಸುತ್ತದೆ. ಒಂದು ನಿಮಿಷದ ಅಂತರದಲ್ಲಿ ಮೂರು ಸಲ ನೋಡಿ, ಮೂರರ ಸರಾಸರಿ ಬರೆಯಿರಿ. ಪುಸ್ತಕದಲ್ಲಿ ನಾಲ್ಕು ಕಾಲಂ ಸಾಕು: ಸಮಯ, ನಾಡಿ, ಬಿಪಿ, ಮಾತ್ರೆ ತಗೊಂಡು ಎಷ್ಟು ಗಂಟೆ ಆಯಿತು. ಕೊನೆಯದನ್ನು ಯಾರೂ ಬರೆಯುವುದಿಲ್ಲ, ಡಾಕ್ಟರಿಗೆ ಬೇಕಾಗಿರುವುದು ಅದೇ. ಮಾತ್ರೆಗೆ ಮುಂಚೆ 112, ಮೂರು ಗಂಟೆಯ ನಂತರ 64 ಎಂದರೆ ಸಾದಾ ಮಾತ್ರೆ ಏರಿ ಇಳಿಯುತ್ತಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಆರೈಕೆದಾರ:
ನಾಡಿ 60ಕ್ಕಿಂತ ಕಡಿಮೆ ಇದ್ದರೆ ಆ ದಿನ ಮಾತ್ರೆ ಕೊಡಬಾರದು ಎಂದು ಹಲವರು ಹೇಳುತ್ತಾರೆ.

ತಾಲ್ಲೂಕು ಡಾಕ್ಟರ್:
ಆ 60ರ ನಿಯಮ ಬಂದಿದ್ದು ಡಿಗಾಕ್ಸಿನ್ ಎಂಬ ಬೇರೆ ಹೃದಯದ ಮಾತ್ರೆಯಿಂದ. ಹಳೆಯ ಕಾಲದ ನರ್ಸಿಂಗ್ ಪಾಠ, ಅದನ್ನು ಎಲ್ಲ ಹೃದಯದ ಮಾತ್ರೆಗೂ ಅಂಟಿಸಿಬಿಟ್ಟಿದ್ದಾರೆ. ಬೀಟಾ ಬ್ಲಾಕರ್ ತಗೊಳ್ಳುವವರಿಗೆ ಎಚ್ಚರದಲ್ಲಿ 54, 56 ಇದ್ದು ತಲೆಸುತ್ತು, ಸುಸ್ತು ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಮಾತ್ರೆ ತಪ್ಪಿಸಬೇಕಿಲ್ಲ. ನಿದ್ದೆಯಲ್ಲಿ 45ಕ್ಕೆ ಇಳಿಯುವುದು ಆರೋಗ್ಯವಂತರಲ್ಲೂ ಇದೆ. ವಾಚು ರಾತ್ರಿ ಎರಡು ಗಂಟೆಗೆ ಕೂಗಿತು ಎಂದು ಬೆಳಗಿನ ಮಾತ್ರೆ ಬಿಡುವುದು ತಪ್ಪು.

ಬಹುತೇಕ ವೈದ್ಯರು ಬರೆದುಕೊಡುವ ಗೆರೆ ಹೀಗಿರುತ್ತದೆ: ಎಚ್ಚರದಲ್ಲಿ ನಾಡಿ 50ಕ್ಕಿಂತ ಕೆಳಗೆ, ಇಲ್ಲವೇ ಮೇಲಿನ ಬಿಪಿ 90-100ಕ್ಕಿಂತ ಕೆಳಗೆ ಇದ್ದರೆ ಆ ಡೋಸ್ ತಡೆದು ಫೋನ್ ಮಾಡಿ. ತಡೆಯುವುದು ಎಂದರೆ ಆ ಒಂದು ಡೋಸ್ ಮಾತ್ರ, ಸ್ಟ್ರಿಪ್ ಎತ್ತಿ ಕಪಾಟಿಗೆ ಹಾಕುವುದಲ್ಲ. ನಿಮ್ಮ ಚೀಟಿಯ ಮೇಲೆ ನಿಮ್ಮ ಗೆರೆ ಎಷ್ಟು ಎಂದು ವೈದ್ಯರಿಂದಲೇ ಬರೆಸಿಕೊಳ್ಳಿ. ಪೇಸ್‌ಮೇಕರ್ ಇದ್ದರೆ ಆ ಗೆರೆಯೇ ಬೇರೆ.

ಎದೆ ನೋವು, ಎಚ್ಚರ ತಪ್ಪಿ ಬೀಳುವುದು, ಮಲಗಲಾಗದಷ್ಟು ದಮ್ಮು, ಬಾಯಿ ಸೊಟ್ಟಗಾಗುವುದು, ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಇವು ಫೋನ್ ಮಾಡಿ ಕಾಯುವ ವಿಷಯಗಳಲ್ಲ. 108ಕ್ಕೆ ಕರೆ ಮಾಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಸಿಗುತ್ತದೆ, ಆ ಕಾಗದದ ಫೋಟೊ ಸದಾ ಮೊಬೈಲ್‌ನಲ್ಲಿರಲಿ.

ಹೃದ್ರೋಗ ವಿಭಾಗ:
ಡಾಕ್ಟರ್ ಸರ್ ಹೇಳಿದ್ದಕ್ಕೆ ಒಂದೇ ಸೇರ್ಪಡೆ. ಒಮ್ಮೆ 140, ಎಎಫ್ ನಿಂತ ಕ್ಷಣ ನಾಲ್ಕೈದು ಸೆಕೆಂಡು ಬಡಿತವೇ ಇಲ್ಲ, ಆಮೇಲೆ 42: ಹೀಗೆ ಆಗುವವರಿಗೆ ಸೈನಸ್ ನೋಡ್, ಅಂದರೆ ಬಡಿತ ಹುಟ್ಟಿಸುವ ಸಹಜ ಕೇಂದ್ರ, ದಣಿದಿರುತ್ತದೆ. ಇವರಿಗೆ 140 ಇಳಿಸಲು ಬೀಟಾ ಬ್ಲಾಕರ್ ಕೊಟ್ಟರೆ ಆ ನಿಲುಗಡೆ ಇನ್ನೂ ಉದ್ದವಾಗುತ್ತದೆ. ವಯಸ್ಸಾದವರು ಮಾತ್ರೆ ಶುರುವಾದ ಮೇಲೆ "ಇದ್ದಕ್ಕಿದ್ದ ಹಾಗೆ ಬಿದ್ದುಬಿಟ್ಟರು" ಎಂದರೆ ಇಡೀ ದಿನ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಹಾಕಿಸಿ. ಎಷ್ಟೋ ಸಲ ಮೊದಲು ಪೇಸ್‌ಮೇಕರ್, ಆಮೇಲೆ ಮಾತ್ರೆ ಎನ್ನುವ ಕ್ರಮವೇ ಸರಿ.

ಆರೈಕೆದಾರ:
ಮಾತ್ರೆ ಮರೆತರೆ ಏನು ಮಾಡಬೇಕು? ಊರಿಗೆ ಹೋದಾಗ ಮೂರು ದಿನ ಸಿಗದೇ ಹೋದರೆ?

ಔಷಧಿಕಟ್ಟೆ:
ಮರೆತಿದ್ದು ಅದೇ ದಿನ ನೆನಪಾದರೆ ಆಗಲೇ ತಗೊಳ್ಳಿ. ಮುಂದಿನ ಡೋಸ್ ಹತ್ತಿರ ಬಂದುಬಿಟ್ಟಿದ್ದರೆ ಮರೆತದ್ದನ್ನು ಬಿಟ್ಟು ಮುಂದಿನದನ್ನು ಸಮಯಕ್ಕೆ ತಗೊಳ್ಳಿ. ಎರಡು ಸೇರಿಸಿ ನುಂಗಬಾರದು.

ಮೂರು ದಿನ ಪೂರ್ತಿ ಬಿಡುವುದು ಬೇರೆಯೇ ವಿಷಯ. ಅಡ್ರಿನಲಿನ್ ಬಂದು ಅಂಟುವ ಗ್ರಾಹಕಗಳನ್ನು (ರಿಸೆಪ್ಟರ್) ಮಾತ್ರೆ ತಿಂಗಳುಗಟ್ಟಲೆ ಮುಚ್ಚಿಟ್ಟಾಗ ದೇಹ ಅವುಗಳ ಸಂಖ್ಯೆಯನ್ನು ಹೆಚ್ಚಿಸಿಕೊಂಡಿರುತ್ತದೆ. ಮಾತ್ರೆ ದಿಢೀರ್ ನಿಂತಾಗ ಎಂದಿನ ಅಡ್ರಿನಲಿನ್‌ಗೇ ಹೃದಯ ಅತಿಯಾಗಿ ಓಗೊಡುತ್ತದೆ: ಬಡಿತ ಏರುತ್ತದೆ, ಬಿಪಿ ಏರುತ್ತದೆ, ರಕ್ತನಾಳದಲ್ಲಿ ಬ್ಲಾಕ್ ಇರುವವರಿಗೆ ಎದೆನೋವು, ಹೃದಯಾಘಾತವೂ ಆಗಬಹುದು. ಮೆಟೊಪ್ರೊಲಾಲ್‌ನ ಅರ್ಧಾಯುಷ್ಯ (ರಕ್ತದಲ್ಲಿ ಅರ್ಧಕ್ಕೆ ಇಳಿಯುವ ಸಮಯ) ಮೂರರಿಂದ ಏಳು ಗಂಟೆ, ಬಿಸೊಪ್ರೊಲಾಲ್‌ನದು ಹತ್ತರಿಂದ ಹನ್ನೆರಡು. ಸಾದಾ ಮೆಟೊಪ್ರೊಲಾಲ್ ನಿಲ್ಲಿಸಿದವರಿಗೆ ಮಾರನೆಯ ದಿನವೇ ತೊಂದರೆ ಶುರುವಾಗಬಹುದು.

ನಿಲ್ಲಿಸಲೇಬೇಕಾದರೆ ಒಂದೆರಡು ವಾರದಲ್ಲಿ ಹಂತಹಂತವಾಗಿ, ವೈದ್ಯರ ಲೆಕ್ಕದಲ್ಲಿ. ಉದಾಹರಣೆಗೆ 100, 50, 25 ಎಂದು ಇಳಿಸುತ್ತಾ, ಪ್ರತಿ ಹಂತದಲ್ಲೂ ಕೆಲವು ದಿನ ನಾಡಿ ನೋಡುತ್ತಾ. ಅಷ್ಟು ದಿನ ಭಾರ ಎತ್ತುವ ಕೆಲಸ ಬೇಡ. ಪ್ರಯಾಣಕ್ಕೆ ಹೊರಡುವಾಗ ಒಂದು ವಾರದ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ, ಅದೂ ಕೈಚೀಲದಲ್ಲಿ. ಮುಗಿದೇ ಹೋದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಳೆಯ ಚೀಟಿ ತೋರಿಸಿ. ಅದೇ ಮಾತ್ರೆ ಇಲ್ಲದಿದ್ದರೂ ಇದೇ ಗುಂಪಿನ ಇನ್ನೊಂದನ್ನು ಅಲ್ಲಿಯ ವೈದ್ಯರು ಹೊಂದಿಸಿ ಕೊಡಬಲ್ಲರು.

ಹೃದ್ರೋಗ ವಿಭಾಗ:
ಥೈರಾಯ್ಡ್ ಹೆಚ್ಚಾಗಿ ಎಎಫ್ ಬಂದವರಿಗೆ ಈ ಎಚ್ಚರಿಕೆ ಎರಡು ಪಟ್ಟು. ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ನಡುಕ, ಬಡಿತದ ಓಟ ಎಲ್ಲ ಇಳಿಸಿ ಕಾಯಿಲೆ ವಾಸಿಯಾದ ಹಾಗೆ ತೋರಿಸುತ್ತದೆ, ಒಳಗೆ ಥೈರಾಯ್ಡ್ ಹಾಗೇ ಉರಿಯುತ್ತಿರುತ್ತದೆ. ಹೊಸದಾಗಿ ಎಎಫ್ ಕಂಡ ಎಲ್ಲರಿಗೂ ಟಿಎಸ್‌ಎಚ್, ಪೊಟ್ಯಾಸಿಯಂ, ಕ್ರಿಯಾಟಿನಿನ್, ಎಕೋ ಆಗಿರಬೇಕು.

ಹುಟ್ಟಿನಿಂದಲೇ ಕ್ಯೂಟಿ (ಪ್ರತಿ ಬಡಿತದಲ್ಲೂ ಹೃದಯ ಮತ್ತೆ ಸಜ್ಜಾಗುವವರೆಗೆ ಹಿಡಿಯುವ, ಇಸಿಜಿಯಲ್ಲಿ ಅಳೆಯುವ ಸಮಯ) ಉದ್ದ ಇರುವ ಕುಟುಂಬಗಳೂ ಇವೆ. ಅವರಿಗೆ ಈ ಮಾತ್ರೆ ಪ್ರಾಣ ಕಾಯುವಂಥದ್ದು. ಒಂದು ಡೋಸ್ ಕೂಡ ತಪ್ಪಬಾರದು, ಪ್ರೊಪ್ರನೊಲಾಲ್ ಬದಲು ಬೇರೆ ಯಾವುದೋ ಬೀಟಾ ಬ್ಲಾಕರ್ ನಡೆಯುತ್ತದೆ ಎಂದು ಅಂಗಡಿಯಲ್ಲಿ ಬದಲಿಸಬಾರದು.

ತಾಲ್ಲೂಕು ಡಾಕ್ಟರ್:
ಈಗ ಜೊತೆಗಾರ ಔಷಧಗಳಿಗೆ ಬರೋಣ. ಆಸ್ಪತ್ರೆಗೆ ಬರುವ 38, 40ರ ನಾಡಿಗೆ ಬೀಟಾ ಬ್ಲಾಕರ್ ಒಂದೇ ಕಾರಣವಾಗಿರುವುದಕ್ಕಿಂತ ಅದರ ಜೊತೆ ಇನ್ನೊಂದು ಸೇರಿರುವುದೇ ಹೆಚ್ಚು.

ಮೊದಲನೆಯದು ವೆರಾಪಮಿಲ್ ಮತ್ತು ಡಿಲ್ಟಿಯಾಜೆಮ್. ಕ್ಯಾಲಾಪ್ಟಿನ್, ಡಿಲ್ಜೆಮ್ ಹೆಸರಿನಲ್ಲಿ ಸಿಗುವಂಥವು. ಇವೂ ಎವಿ ನೋಡನ್ನೇ ನಿಧಾನ ಮಾಡುತ್ತವೆ. ಎರಡೂ ಸೇರಿದರೆ ಎವಿ ನೋಡ್‌ನಲ್ಲಿ ಸಂಕೇತ ಪೂರ್ತಿ ತಡೆಯಾಗಬಹುದು, ಬಿಪಿ ಕುಸಿಯಬಹುದು. ಒಬ್ಬ ಡಾಕ್ಟರು ಎಎಫ್‌ಗೆ ಬೀಟಾ ಬ್ಲಾಕರ್, ಇನ್ನೊಬ್ಬರು ಎದೆನೋವಿಗೆ ಡಿಲ್ಟಿಯಾಜೆಮ್ ಬರೆದು, ಇಬ್ಬರ ಚೀಟಿಯೂ ಒಂದೇ ಮನೆಯಲ್ಲಿ ಸೇರುವುದು ಅಪರೂಪವಲ್ಲ. ಡಿಗಾಕ್ಸಿನ್, ಅಮಿಯೊಡಾರೋನ್, ಇವಾಬ್ರಡಿನ್ ಕೂಡ ಬಡಿತ ಇಳಿಸುತ್ತವೆ. ಬೇಕೆಂದೇ ಸೇರಿಸಿರಬಹುದು, ಆದರೆ ಇಸಿಜಿ ನೋಡಿಕೊಂಡು.

ಎರಡನೆಯದು ಚರ್ಮದ ಮಾತ್ರೆ. ಹುಳಕಡ್ಡಿಗೆ ಕೊಡುವ ಟರ್ಬಿನಾಫಿನ್ ಮಾತ್ರೆ, ಮನೋರೋಗಕ್ಕೆ ಕೊಡುವ ಪ್ಯಾರಾಕ್ಸೆಟಿನ್, ಫ್ಲುಆಕ್ಸೆಟಿನ್, ಇವು ಯಕೃತ್ತಿನಲ್ಲಿ ಮೆಟೊಪ್ರೊಲಾಲ್ ಕರಗಿಸುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಅದೇ 50 ಮಿ.ಗ್ರಾಂ. ರಕ್ತದಲ್ಲಿ ಹಲವು ಪಟ್ಟಾಗಿ ನಿಲ್ಲುತ್ತದೆ. ಟರ್ಬಿನಾಫಿನ್‌ನ ಪ್ರಭಾವ ಅದನ್ನು ನಿಲ್ಲಿಸಿದ ಮೇಲೂ ವಾರಗಟ್ಟಲೆ ಇರುತ್ತದೆ. ಇದೇ ಗುಂಪಿನ ಬಿಸೊಪ್ರೊಲಾಲ್, ಅಟೆನೊಲಾಲ್ ಹೆಚ್ಚಾಗಿ ಆ ದಾರಿಯಲ್ಲಿ ಹೋಗುವುದಿಲ್ಲ. ಅಟೆನೊಲಾಲ್‌ನ ತೊಂದರೆ ಮೂತ್ರಪಿಂಡದ್ದು: ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ಎಷ್ಟು ಸೋಸುತ್ತದೆ ಎಂಬ ಅಳತೆ) 35ಕ್ಕಿಂತ ಇಳಿದವರಿಗೆ ದಿನಕ್ಕೆ 50 ಮಿ.ಗ್ರಾಂ. ಮೀರಬಾರದು, 15ಕ್ಕಿಂತ ಇಳಿದರೆ 25. ವಾಂತಿಭೇದಿಯಿಂದ ಮೂತ್ರ ಕಡಿಮೆಯಾದ ಮುದುಕರಲ್ಲಿ ಅಟೆನೊಲಾಲ್ ಒಳಗೇ ಶೇಖರವಾಗುತ್ತದೆ.

ಮೂರನೆಯದು ಯಾರೂ ಔಷಧಿ ಎಂದು ಲೆಕ್ಕಕ್ಕೇ ಹಿಡಿಯದ ಕಣ್ಣಿನ ಹನಿ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕೂಡ ಬೀಟಾ ಬ್ಲಾಕರ್ರೇ. ಕಣ್ಣಿನಿಂದ ಮೂಗಿಗೆ ಇಳಿದು, ಯಕೃತ್ತಿಗೆ ಹೋಗದೆ ನೇರ ರಕ್ತಕ್ಕೆ ಸೇರುತ್ತದೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ ಹಿಡಿದರೆ ಒಳಗೆ ಇಳಿಯುವುದು ಬಹಳಷ್ಟು ಕಡಿಮೆಯಾಗುತ್ತದೆ. ಅರೆತಲೆನೋವಿನ ಕೆಲವು ಮಾತ್ರೆಗಳಲ್ಲೂ ಫ್ಲುನರಿಜಿನ್ ಜೊತೆ ಪ್ರೊಪ್ರನೊಲಾಲ್ ಇರುತ್ತದೆ, ಸ್ಟ್ರಿಪ್ ಓದಿ.

ನಾಟಿ ಔಷಧವನ್ನೂ ಹೇಳಲೇಬೇಕು. ಬಿಪಿಗೆಂದು ಕೊಡುವ ಸರ್ಪಗಂಧದಲ್ಲಿ ರಿಸರ್ಪಿನ್ ಇದೆ, ಬೀಟಾ ಬ್ಲಾಕರ್ ಜೊತೆ ಸೇರಿದರೆ ನಾಡಿ, ಬಿಪಿ ಎರಡೂ ಅತಿಯಾಗಿ ಇಳಿಯುತ್ತವೆ. ಕೆಮ್ಮಿಗೆ ದಿನಾ ತಿನ್ನುವ ಅತಿಮಧುರ ಪೊಟ್ಯಾಸಿಯಂ ಇಳಿಸುತ್ತದೆ, ಪೊಟ್ಯಾಸಿಯಂ ಇಳಿದರೆ ಬಡಿತದ ಏರುಪೇರು ಹೆಚ್ಚುತ್ತದೆ. ತಗೊಳ್ಳುತ್ತಿರುವುದನ್ನು ವೈದ್ಯರಿಗೆ ಹೇಳಲು ಸಂಕೋಚ ಬೇಡ.

ಸಿಸಿಯು ಸಿಸ್ಟರ್:
ಶುಗರ್ ಇರುವವರಿಗೆ: ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆಯಿಂದ ಶುಗರ್ ಇಳಿದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಎಚ್ಚರಿಕೆಯ ಗಂಟೆ. ಬೀಟಾ ಬ್ಲಾಕರ್ ಆ ಎರಡನ್ನೂ ಮುಚ್ಚಿಡುತ್ತದೆ. ಬೆವರು ಮಾತ್ರ ಉಳಿಯುತ್ತದೆ. ಆದ್ದರಿಂದ ಕಾರಣವಿಲ್ಲದೆ ತಣ್ಣನೆಯ ಬೆವರು, ಹಸಿವು, ಮಾತಿನಲ್ಲಿ ಗೊಂದಲ ಕಂಡರೆ ಮೊದಲು ಗ್ಲುಕೋಮೀಟರ್. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ತಗೊಳ್ಳುವವರಿಗೆ ಸಕ್ಕರೆ ಬೇಗ ಹತ್ತುವುದಿಲ್ಲ, ಏಕೆಂದರೆ ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ. ಅವರ ಮನೆಯಲ್ಲಿ ಗ್ಲೂಕೋಸ್ ಪುಡಿಯ ಡಬ್ಬ ಇರಲಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ.

ಏಕಾದಶಿ, ರಂಜಾನ್ ಉಪವಾಸ ಮಾಡುವವರು ಮಾತ್ರೆ ಬಿಡುವುದೂ ತಪ್ಪು, ಶುಗರ್ ಮಾತ್ರೆ ಹಾಗೇ ನುಂಗಿ ಊಟ ಬಿಡುವುದೂ ತಪ್ಪು. ಒಂದು ವಾರ ಮುಂಚೆಯೇ ಕೇಳಿದರೆ ಬೀಟಾ ಬ್ಲಾಕರನ್ನು ಇಫ್ತಾರ್ ಊಟದ ಹೊತ್ತಿಗೆ ಸರಿಸಬಹುದು, ಶುಗರ್ ಡೋಸ್ ಇಳಿಸಬಹುದು.

ಆರೈಕೆದಾರ:
ಆಸ್ತಮಾ ಇದ್ದರೆ ಬೀಟಾ ಬ್ಲಾಕರ್ ಕೊಡಲೇಬಾರದಲ್ಲವೇ?

ಹೃದ್ರೋಗ ವಿಭಾಗ:
ಪ್ರೊಪ್ರನೊಲಾಲ್, ಕಾರ್ವೆಡಿಲಾಲ್, ಸೊಟಲಾಲ್ ಕೊಡಬಾರದು. ಇವು ಶ್ವಾಸನಾಳದ ಗ್ರಾಹಕಗಳನ್ನೂ ಮುಚ್ಚುತ್ತವೆ. ಉಬ್ಬಸ ಬರುತ್ತದೆ, ಆಗ ಎಳೆದ ಅಸ್ತಾಲಿನ್ ಪಂಪೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಪರೀಕ್ಷೆ ಭಯಕ್ಕೆ, ಸಭಾಕಂಪನಕ್ಕೆ ಸ್ನೇಹಿತರಿಂದ ಸಿಪ್ಲಾರ್ (ಅದು ಪ್ರೊಪ್ರನೊಲಾಲ್) ಇಸಿದುಕೊಂಡು ನುಂಗುವವರು ಇದನ್ನು ಗಮನಿಸಿ. ಬಿಸೊಪ್ರೊಲಾಲ್, ಮೆಟೊಪ್ರೊಲಾಲ್ ಕಡಿಮೆ ಡೋಸಿನಲ್ಲಿ ಹೆಚ್ಚಾಗಿ ಹೃದಯಕ್ಕೇ ಸೀಮಿತ, ಡೋಸ್ ಏರಿದಂತೆ ಆ ಭೇದ ಕಳೆದುಹೋಗುತ್ತದೆ. ಬೀಡಿ, ಸಿಗರೇಟಿನಿಂದ ಬರುವ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಇರುವವರು ಸಾಮಾನ್ಯವಾಗಿ ಇವನ್ನು ತಾಳಿಕೊಳ್ಳುತ್ತಾರೆ. ನಿಜವಾದ ಆಸ್ತಮಾ, ಅದೂ ಆಗಾಗ ನೆಬ್ಯುಲೈಜರ್ ಬೇಕಾಗುವಂಥದ್ದಾದರೆ, ಪಂಪಿಂಗ್ ಚೆನ್ನಾಗಿದ್ದವರಿಗೆ ಎಎಫ್ ವೇಗಕ್ಕೆ ಡಿಲ್ಟಿಯಾಜೆಮ್ ಉತ್ತಮ. ಬೀಟಾ ಬ್ಲಾಕರ್ ಬದಲಿಗೆ, ಜೊತೆಗಲ್ಲ. ಪಂಪಿಂಗ್ ಕಡಿಮೆ ಇರುವವರಿಗೆ ಡಿಲ್ಟಿಯಾಜೆಮ್ ಬೇಡ.

ಪಂಪಿಂಗ್ ಕಡಿಮೆ ಇರುವವರಿಗೆ ಬೀಟಾ ಬ್ಲಾಕರ್ ಬಹಳ ಉಪಕಾರಿ, ಆದರೆ ಕಾಲು ಊದಿ, ಶ್ವಾಸಕೋಶದಲ್ಲಿ ನೀರು ನಿಂತಿರುವ ಹೊತ್ತಿನಲ್ಲಿ ಹೊಸದಾಗಿ ಶುರು ಮಾಡುವುದಿಲ್ಲ. ನೀರು ಇಳಿದ ಮೇಲೆ ಬಿಸೊಪ್ರೊಲಾಲ್ 1.25, ಮೆಟೊಪ್ರೊಲಾಲ್ ಸಕ್ಸಿನೇಟ್ 12.5ರಿಂದ 25, ಇಲ್ಲವೇ ಕಾರ್ವೆಡಿಲಾಲ್ 3.125 ದಿನಕ್ಕೆರಡು ಸಲ. ಎರಡು ವಾರಕ್ಕೊಮ್ಮೆ ಇಮ್ಮಡಿ, ಸಹಿಸಿದಷ್ಟು. ಮೊದಲ ಎರಡು ಮೂರು ವಾರ ಸುಸ್ತು ಇರುತ್ತದೆ, ಅಲ್ಲಿಯವರೆಗೆ ಕಾದು ನೋಡಬೇಕು. ಮೂರು ದಿನದಲ್ಲಿ ತೂಕ ಎರಡು ಕೆಜಿ ಏರಿದರೆ ಅದು ಸುಸ್ತಿನ ವಿಷಯ ಅಲ್ಲ, ನೀರು ಸೇರುತ್ತಿದೆ, ಅಂದೇ ಹೇಳಿ.

ತಾಲ್ಲೂಕು ಡಾಕ್ಟರ್:
ಎಸ್‌ವಿಟಿ, ಅಂದರೆ ಸುಪ್ರಾವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಬಗ್ಗೆಯೂ ಬರೆಯಿರಿ ಮೇಡಂ. ಇದ್ದಕ್ಕಿದ್ದಂತೆ 180 ಆಗಿ, ಇದ್ದಕ್ಕಿದ್ದಂತೆ ನಿಲ್ಲುವಂಥದ್ದು. ಆ ಹೊತ್ತಿಗೆ ಎರಡೆರಡು ಬೀಟಾ ಬ್ಲಾಕರ್ ನುಂಗುವವರಿದ್ದಾರೆ.

ಹೃದ್ರೋಗ ವಿಭಾಗ:
ನುಂಗಿದ ಮಾತ್ರೆ ಹತ್ತಲು ಸುಮಾರು ಒಂದು ಗಂಟೆ ಬೇಕು. ಅಷ್ಟರಲ್ಲಿ ಎಸ್‌ವಿಟಿ ತಾನೇ ನಿಂತಿರುತ್ತದೆ, ಎರಡು ಮಾತ್ರೆಯ ಭಾರ ಮಾತ್ರ ಆಮೇಲೆ ಬಿಪಿಯ ಮೇಲೆ ಬೀಳುತ್ತದೆ. ಅದಕ್ಕಿಂತ ಒಳ್ಳೆಯ ಉಪಾಯ ಇದೆ. 10 ಮಿ.ಲೀ. ಸಿರಿಂಜಿನ ಸೂಜಿ ತೆಗೆದುಹಾಕಿ, ರೋಗಿಯನ್ನು ಅರ್ಧ ಒರಗಿಸಿ ಕೂರಿಸಿ. ಸಿರಿಂಜಿನ ತುದಿಗೆ ಬಾಯಿಟ್ಟು ಒಳಗಿನ ದಂಡ ಸ್ವಲ್ಪ ಸರಿಯುವಷ್ಟು ಬಲವಾಗಿ 15 ಸೆಕೆಂಡು ಊದಬೇಕು. ಊದಿ ಮುಗಿದ ತಕ್ಷಣ ಅಂಗಾತ ಮಲಗಿಸಿ, ಜೊತೆಯವರು ಎರಡೂ ಕಾಲನ್ನು 45 ಡಿಗ್ರಿ ಎತ್ತಿ 15 ಸೆಕೆಂಡು ಹಿಡಿಯಬೇಕು. ಬ್ರಿಟನ್ನಿನ 2015ರ ರಿವರ್ಟ್ ಅಧ್ಯಯನದಲ್ಲಿ ಕೂತು ಊದಿದವರಲ್ಲಿ ಶೇ. 17 ಮಂದಿಗೆ, ಹೀಗೆ ಕಾಲೆತ್ತಿದವರಲ್ಲಿ ಶೇ. 43 ಮಂದಿಗೆ ಲಯ ಸರಿಯಾಯಿತು. ಯಾರು ಬೇಕಾದರೂ ಮಾಡಬಹುದು ಎಂದಲ್ಲ: ಎಸ್‌ವಿಟಿ ಎಂದು ಇಸಿಜಿಯಲ್ಲಿ ಖಚಿತವಾದವರು, ಎದೆನೋವು, ತಲೆಸುತ್ತು ಇಲ್ಲದವರು, ಮೊದಲು ಆಸ್ಪತ್ರೆಯಲ್ಲಿ ಕಲಿತವರು ಮಾಡಬಹುದು. ಕತ್ತಿನ ನಾಳ ಒತ್ತುವುದು ಮನೆಯಲ್ಲಿ ಬೇಡ. ಮತ್ತೆ ಮತ್ತೆ ಬಂದರೆ ವರ್ಷಗಟ್ಟಲೆ ಮಾತ್ರೆಗಿಂತ ಅಬ್ಲೇಶನ್ (ತಪ್ಪು ಸಂಕೇತದ ದಾರಿಯನ್ನು ನಳಿಕೆಯ ಮೂಲಕ ಸುಡುವ ಚಿಕಿತ್ಸೆ) ಬಗ್ಗೆ ಕೇಳಿ, ಹೆಚ್ಚಿನ ಎಸ್‌ವಿಟಿ ಅದರಿಂದ ಪೂರ್ತಿ ವಾಸಿಯಾಗುತ್ತದೆ.

ಡಬ್ಲ್ಯುಪಿಡಬ್ಲ್ಯು ಎಂದು ಇಸಿಜಿಯಲ್ಲಿ ಬರೆದಿರುವವರು ಪೂರ್ತಿ ಬೇರೆ ಗುಂಪು. ಅವರಿಗೆ ಎವಿ ನೋಡ್ ಅಲ್ಲದೆ ಇನ್ನೊಂದು ಅಡ್ಡದಾರಿ ಇದೆ. ಅಂಥವರಿಗೆ ಎಎಫ್ ಬಂದಾಗ ಬೀಟಾ ಬ್ಲಾಕರ್, ವೆರಾಪಮಿಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ಕೊಟ್ಟರೆ ಎವಿ ನೋಡ್ ಮಾತ್ರ ನಿಧಾನವಾಗಿ, ಅಡ್ಡದಾರಿಯಲ್ಲಿ ತಡೆಯಿಲ್ಲದೆ ಬಡಿತ ನುಗ್ಗಿ ಹೃದಯವೇ ನಿಲ್ಲಬಹುದು. ಆ ಇಸಿಜಿ ಕಾಗದವನ್ನು ಯಾವ ಆಸ್ಪತ್ರೆಗೆ ಹೋದರೂ ಮೊದಲು ತೋರಿಸಿ.

ಸೊಟಲಾಲ್ ಹೆಸರಿನಲ್ಲಿ ಬೀಟಾ ಬ್ಲಾಕರ್ ಹಾಗೆ ಕಂಡರೂ ಅದರ ಇನ್ನೊಂದು ಗುಣ ಕ್ಯೂಟಿಯನ್ನು ಉದ್ದ ಮಾಡುವುದು. ಮೂತ್ರಪಿಂಡ ಸರಿಯಿಲ್ಲದವರಲ್ಲಿ, ಪೊಟ್ಯಾಸಿಯಂ ಇಳಿದವರಲ್ಲಿ ಅದೇ ಮಾರಕ ಲಯಕ್ಕೆ ದಾರಿ. ಆಸ್ಪತ್ರೆಯಲ್ಲಿ ಇಸಿಜಿ ನೋಡುತ್ತಾ ಶುರು ಮಾಡಬೇಕಾದ ಮಾತ್ರೆ. ಭೇದಿ ಹತ್ತಿಕೊಂಡರೆ ಸೊಟಲಾಲ್ ತಗೊಳ್ಳುವವರು ಅಂದೇ ಡಾಕ್ಟರನ್ನು ಕಾಣಬೇಕು. ಅಜಿತ್ರೊಮೈಸಿನ್‌ನಂಥ ಆ್ಯಂಟಿಬಯೋಟಿಕ್ ಅಂಗಡಿಯಿಂದ ತಂದು ನುಂಗಬಾರದು.

ಅರಿವಳಿಕೆ ತಜ್ಞ:
ಆಪರೇಶನ್ ಇದೆ ಎಂದು ಎಲ್ಲ ಮಾತ್ರೆ ನಿಲ್ಲಿಸಿ ಬರುವವರಿಗಾಗಿ: ಈಗಾಗಲೇ ತಗೊಳ್ಳುತ್ತಿರುವ ಬೀಟಾ ಬ್ಲಾಕರನ್ನು ಆಪರೇಶನ್ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ತಗೊಳ್ಳಬೇಕು. ಆದರೆ ಹಿಂದೆಂದೂ ತಗೊಳ್ಳದವರಿಗೆ ಅದೇ ದಿನ ದೊಡ್ಡ ಡೋಸಿನಲ್ಲಿ ಶುರು ಮಾಡಬಾರದು. 2008ರ ಪಾಯ್ಸ್ ಅಧ್ಯಯನದಲ್ಲಿ ಹಾಗೆ ಮಾಡಿದವರಲ್ಲಿ ಹೃದಯಾಘಾತ ಕಡಿಮೆಯಾದರೂ ಪಾರ್ಶ್ವವಾಯು ಮತ್ತು ಸಾವು ಹೆಚ್ಚಾದವು.

ಹಲ್ಲು ಕೀಳಿಸುವಾಗ ದಂತವೈದ್ಯರಿಗೂ ಹೇಳಿ. ಮರಗಟ್ಟಿಸುವ ಇಂಜೆಕ್ಷನ್ನಿನ ಅಡ್ರಿನಲಿನ್, ಪ್ರೊಪ್ರನೊಲಾಲ್ ತಗೊಳ್ಳುವವರ ಬಿಪಿಯನ್ನು ಜೋರಾಗಿ ಏರಿಸಬಲ್ಲದು. ಕಣಜ, ಜೇನು ಕಚ್ಚಿ ತೀವ್ರ ಅಲರ್ಜಿಯಾದಾಗ ಬೀಟಾ ಬ್ಲಾಕರ್ ತಗೊಳ್ಳುವವರಿಗೆ ಎಂದಿನ ಅಡ್ರಿನಲಿನ್ ಸಾಲದೇ ಹೋಗಬಹುದು, ಆಗ ಗ್ಲುಕಗಾನ್ ಎಂಬ ಇನ್ನೊಂದು ಇಂಜೆಕ್ಷನ್ ಬೇಕಾಗುತ್ತದೆ. ತುರ್ತು ವಿಭಾಗದ ಬಾಗಿಲಲ್ಲೇ ಹೇಳಬೇಕಾದ ಮಾತು ಇದು.

ಆರೈಕೆದಾರ:
ಕೊನೆಯದಾಗಿ, ವಯಸ್ಸಾದವರು ಮರೆವಿನಿಂದ ಎರಡು ಸಲ ನುಂಗಿಬಿಟ್ಟರೆ? ಗರ್ಭಿಣಿಯರ ವಿಷಯವೂ ಇದ್ದರೆ ಹೇಳಿ.

ಔಷಧಿಕಟ್ಟೆ:
ಗರ್ಭ ನಿಂತಿದೆ ಎಂದು ಗೊತ್ತಾದಾಗ ದಿಢೀರ್ ನಿಲ್ಲಿಸದೆ ಬೇಗ ವೈದ್ಯರನ್ನು ಕಾಣಿ. ಅಟೆನೊಲಾಲ್‌ನಿಂದ ಮಗುವಿನ ಬೆಳವಣಿಗೆ ಕುಂಠಿತವಾಗುವುದರಿಂದ ಸಾಮಾನ್ಯವಾಗಿ ಅದನ್ನು ಬದಲಿಸಿ ಮೆಟೊಪ್ರೊಲಾಲ್ ಅಥವಾ ಪ್ರೊಪ್ರನೊಲಾಲ್ ಕೊಡುತ್ತಾರೆ. ಹುಟ್ಟಿದ ಮಗುವಿನ ಶುಗರ್, ನಾಡಿಯನ್ನು ಮೊದಲ ಒಂದೆರಡು ದಿನ ನೋಡಬೇಕು.

ಎರಡು ಸಲ ನುಂಗಿದರೆ: ಮುಂದಿನ ಡೋಸ್ ಕೊಡಬೇಡಿ, ಕೂರಿಸಿ ಅಥವಾ ಮಲಗಿಸಿ, ಒಬ್ಬರೇ ಬಚ್ಚಲಿಗೆ ಹೋಗಲು ಬಿಡಬೇಡಿ. ಅರ್ಧ ಗಂಟೆಗೊಮ್ಮೆ ನಾಡಿ, ಬಿಪಿ ಬರೆಯುತ್ತಾ ವೈದ್ಯರಿಗೆ ಫೋನ್ ಮಾಡಿ. ಎಕ್ಸ್‌ಎಲ್ ಮಾತ್ರೆಯಾದರೆ ಪರಿಣಾಮ ತಡವಾಗಿ ಶುರುವಾಗಿ ಇಡೀ ದಿನ ಇರುತ್ತದೆ, ಎರಡು ಗಂಟೆ ಚೆನ್ನಾಗಿದ್ದರು ಎಂದು ನಿಶ್ಚಿಂತರಾಗಬೇಡಿ. ನಾಡಿ 50ರ ಕೆಳಗೆ, ಮಂಪರು, ತಣ್ಣಗಿನ ಮೈ ಕಂಡರೆ 108. ಸಣ್ಣ ಮಗು ಒಂದೇ ಮಾತ್ರೆ ನುಂಗಿದ್ದರೂ, ಹೊರಗೆ ಏನೂ ಕಾಣದಿದ್ದರೂ, ಸ್ಟ್ರಿಪ್ ಸಮೇತ ನೇರ ಆಸ್ಪತ್ರೆಗೆ. ಮಕ್ಕಳಲ್ಲಿ ಶುಗರ್ ಕುಸಿದು ಫಿಟ್ಸ್ ಬರಬಹುದು, ಪ್ರೊಪ್ರನೊಲಾಲ್ ಅದರಲ್ಲೂ ಹೆಚ್ಚು ಅಪಾಯಕಾರಿ. ವಾಂತಿ ಮಾಡಿಸಲು ಹೋಗಬೇಡಿ.

ಮರೆವು ಇರುವವರ ಮನೆಯಲ್ಲಿ ವಾರದ ಏಳು ಖಾನೆಯ ಡಬ್ಬಿ ಇಡಿ, ಭಾನುವಾರ ಮನೆಯವರೊಬ್ಬರೇ ತುಂಬಲಿ, ಉಳಿದ ಸ್ಟ್ರಿಪ್ ಕೈಗೆ ಸಿಗದ ಕಡೆ ಇರಲಿ. ಖಾನೆ ಖಾಲಿ ಇದ್ದರೆ ನುಂಗಿಯಾಗಿದೆ, ಇನ್ನೊಂದು ಕೇಳಿದರೂ ಕೊಡಬೇಡಿ.